ಕುತ್ತಿಗೆ ಗಂಟು: ರಿಪೋರ್ಟ್‌ನಲ್ಲಿರೋ ‘4’ ಅಂದ್ರೆ ನಾಲ್ಕನೇ ಸ್ಟೇಜ್ ಅಲ್ಲ

ಈ ಸಂಚಿಕೆ ಶುರುವಾಗಿದ್ದು ಒಂದು ಫೋನ್ ಕರೆಯಿಂದ. ಟಿಕೋಟಾದಲ್ಲಿರೋ ನನ್ನ ಚಿಗವ್ವನ ಮಗ ವಿಜಯಪುರದ ಗಾಂಧಿ ಚೌಕದಲ್ಲಿ ನಿಂತು ಫೋನ್ ಮಾಡಿದ್ದ. ಹಿಂದೆ ಆಟೋ ಹಾರ್ನು, ಯಾರೋ ಕೂಗೋ ಸದ್ದು, ಅದರ ನಡುವೆ ಅವನ ದನಿ ನಡುಗ್ತಿತ್ತು. “ಅಕ್ಕಾ, ಅವ್ವನ ರಿಪೋರ್ಟ್ ಬಂತು. ನಾಕನೇ ಸ್ಟೇಜ್ ಐತಂತ.”

ಅದಕ್ಕೂ ಎರಡು ತಿಂಗಳ ಹಿಂದಿನ ಮಾತು ಮೊದಲು ಹೇಳ್ತೀನಿ. ಮನೆಯಲ್ಲಿ ಒಂದು ನಿಶ್ಚಿತಾರ್ಥ ಆಯ್ತು. ಚಿಗವ್ವನ ಮಗಳು ಫೋಟೋನ ಸ್ಟೇಟಸ್‌ಗೆ ಹಾಕೋಕೆ ಅಂತ ಫೋನಲ್ಲಿ ಹಿಗ್ಗಿಸಿ ನೋಡಿದಾಗ, ಚಿಗವ್ವನ ಬೋರಮಾಳ ಸರದ ಸ್ವಲ್ಪ ಮೇಲೆ ಒಂದು ಉಬ್ಬು ಕಾಣಿಸ್ತು. ಸಣ್ಣ ಲಿಂಬೆಕಾಯಿಯಷ್ಟು. “ಅವ್ವಾ, ಕೊಳ್ಳಾಗ ಇದೇನಿದು?” ಅಂತ ಕೇಳಿದ್ರೆ ಚಿಗವ್ವ, “ನೋವಿಲ್ಲ, ಏನಿಲ್ಲ. ಇರ್ಲಿ ಬಿಡ” ಅಂದ್ಲು. ಮನೆಮಂದಿ ಕೂಡಿ ಒತ್ತಾಯ ಮಾಡಿ ಸ್ಕ್ಯಾನಿಂಗ್ ಮಾಡಿಸೋ ಹೊತ್ತಿಗೆ ಇಷ್ಟು ದಿನ ಹಿಡೀತು.

ತಮ್ಮನಿಗೆ ರಿಪೋರ್ಟ್‌ನ ಫೋಟೋ ಕಳಿಸು ಅಂದೆ. ಅದರ ಕೊನೇ ಸಾಲಿನಲ್ಲಿ ಇದ್ದದ್ದು ‘ಟೈರಾಡ್ಸ್ 4’. ಅವನು ಅದನ್ನ ಫೋನಲ್ಲಿ ಹುಡುಕಿದ್ದ. 4 ಅನ್ನೋ ಅಂಕಿ, ಥೈರಾಯ್ಡ್, ಕ್ಯಾನ್ಸರ್, ಈ ಮೂರೂ ಒಂದೇ ಪರದೆ ಮೇಲೆ ಕಂಡಿವೆ. ಉಳಿದದ್ದನ್ನ ಭಯ ತುಂಬಿಸಿದೆ.

ಇಂಥ ರಿಪೋರ್ಟ್ ನಿಮ್ಮ ಮನೆಗೂ ಬರಬಹುದು. ಓದೋ ಕೆಲಸ ಮನೆಯಲ್ಲಿ ಸ್ಮಾರ್ಟ್‌ಫೋನ್ ಹಿಡಿದಿರೋ ನಿಮ್ಮ ತಲೆಗೇ ಬೀಳುತ್ತೆ. ಅದಕ್ಕೇ ಈ ಸಂಚಿಕೆ.

ಮೊದಲು ಆ 4ರ ಲೆಕ್ಕ. ಟೈರಾಡ್ಸ್ ಅನ್ನೋದು ಕ್ಯಾನ್ಸರ್‌ನ ಹಂತ ಅಲ್ಲವೇ ಅಲ್ಲ. ಸ್ಕ್ಯಾನಿಂಗ್‌ನಲ್ಲಿ ಗಂಟು ಹೇಗೆ ಕಾಣುತ್ತೆ ಅನ್ನೋದಕ್ಕೆ ಕೊಡೋ ಅಂಕ. ಹೆಚ್ಚಾಗಿ ಬಳಕೆಯಲ್ಲಿರೋದು ಅಮೆರಿಕದ ರೇಡಿಯಾಲಜಿ ವೈದ್ಯರ ಸಂಘ 2017ರಲ್ಲಿ ಪ್ರಕಟಿಸಿದ ಪದ್ಧತಿ. ಅದರಲ್ಲಿ ಐದು ವಿಷಯ ನೋಡ್ತಾರೆ. ಗಂಟು ಗಟ್ಟಿಯೋ, ನೀರು ತುಂಬಿದ್ದೋ. ಪರದೆ ಮೇಲೆ ಎಷ್ಟು ಕಪ್ಪಾಗಿ ಕಾಣುತ್ತೆ. ಅಗಲಕ್ಕಿಂತ ಎತ್ತರ ಹೆಚ್ಚಿದೆಯೋ. ಅಂಚು ನಯವಾಗಿದೆಯೋ ಒರಟೋ. ಒಳಗೆ ಸುಣ್ಣದ ಚುಕ್ಕಿ ಇವೆಯೋ. ಪ್ರತಿಯೊಂದಕ್ಕೂ ಅಂಕ ಕೊಟ್ಟು ಕೂಡಿಸಿ 1ರಿಂದ 5ರ ಒಳಗೆ ಒಂದು ದರ್ಜೆ ಹಾಕ್ತಾರೆ. ಚಿಗವ್ವನ ಗಂಟು ಗಟ್ಟಿ, ಅದಕ್ಕೆ 2. ಕಪ್ಪು ಛಾಯೆ, ಅದಕ್ಕೆ 2. ಕೂಡಿದ್ರೆ 4 ಅಂಕ. ನಾಲ್ಕರಿಂದ ಆರು ಅಂಕ ಬಂದ್ರೆ ಟೈರಾಡ್ಸ್ 4. ಈ ದರ್ಜೆಯ ಗಂಟುಗಳಲ್ಲಿ ಕ್ಯಾನ್ಸರ್ ಇರೋ ಸಾಧ್ಯತೆ ನೂರಕ್ಕೆ 5ರಿಂದ 20 ಅಂತ ಆ ಪದ್ಧತಿ ಹೇಳುತ್ತೆ. ತಿರುಗಿಸಿ ಓದಿ: ನೂರಕ್ಕೆ 80ರಿಂದ 95 ಅಲ್ಲ.

ಈ ದರ್ಜೆ ಇನ್ನೊಂದು ಕೆಲಸ ಮಾಡುತ್ತೆ. ಸೂಜಿ ಪರೀಕ್ಷೆ ಬೇಕೋ ಬೇಡವೋ ಅಂತ ಹೇಳುತ್ತೆ. ಟೈರಾಡ್ಸ್ 3 ಆದ್ರೆ ಗಂಟು 2.5 ಸೆಂಟಿಮೀಟರ್ ದಾಟಿದಾಗ ಸೂಜಿ, 4 ಆದ್ರೆ 1.5ಕ್ಕೆ, 5 ಆದ್ರೆ 1 ಸೆಂಟಿಮೀಟರ್‌ಗೆ. ಚಿಗವ್ವನದು 3.2 ಸೆಂಟಿಮೀಟರ್. ಅಂದ್ರೆ ಸೂಜಿ ಬೇಕೇ ಬೇಕು. ಕೊರಿಯಾ, ಯುರೋಪಿನವರ ಟೈರಾಡ್ಸ್ ಬೇರೆ ಬೇರೆ ಇವೆ, ಅವುಗಳ ಲೆಕ್ಕ ಸ್ವಲ್ಪ ಹೆಚ್ಚುಕಡಿಮೆ. ಹಾಗಾಗಿ ರಿಪೋರ್ಟ್ ಮೇಲೆ ಯಾವ ಪದ್ಧತಿ ಅಂತ ಬರೆದಿದ್ರೆ ಗಮನಿಸಿ.

ಇಲ್ಲೊಂದು ಮಾತು ತಿಳಿಯಾಗಬೇಕು. ನಮ್ಮ ಕಡೆ “ಅಕಿಗಿ ಥೈರಾಯ್ಡ್ ಐತಿ” ಅಂತಾರೆ. ಥೈರಾಯ್ಡ್ ಎಲ್ಲರಿಗೂ ಐತಿ! ಗಂಟಲಿನ ಮುಂದೆ, ಚಿಟ್ಟೆ ರೆಕ್ಕೆ ಬಿಚ್ಚಿ ಕೂತ ಹಾಗಿರೋ ಗ್ರಂಥಿ ಅದು. ಅದು ಹಾರ್ಮೋನು ಕಡಿಮೆ ಅಥವಾ ಹೆಚ್ಚು ಮಾಡೋದು ಒಂದು ತೊಂದರೆ, ಅದರಲ್ಲಿ ಗಂಟು ಬೆಳೆಯೋದು ಇನ್ನೊಂದು. ರಕ್ತ ಪರೀಕ್ಷೆ ಪೂರ್ತಿ ನಾರ್ಮಲ್ ಇದ್ದು ಗಂಟು ಇರಬಹುದು. “ಟಿಎಸ್‌ಎಚ್ ನಾರ್ಮಲ್ ಬಂತು, ಇನ್ನೇನು ಚಿಂತಿಲ್ಲ” ಅಂತ ಗಂಟನ್ನ ಮರೆಯೋದು ತಪ್ಪು. ಹಾಗಂತ ಟಿಎಸ್‌ಎಚ್ ಬೇಡ ಅಂತಲ್ಲ. ಗಂಟು ಕಂಡಾಗ ಮಾಡೋ ಮೊದಲ ರಕ್ತ ಪರೀಕ್ಷೆನೇ ಅದು. ಟಿಎಸ್‌ಎಚ್ ತೀರಾ ಕಡಿಮೆ ಬಂದ್ರೆ ಗಂಟೇ ಹಾರ್ಮೋನು ಸುರಿಸ್ತಿರಬಹುದು, ಆಗ ಬೇರೆ ತರದ ಸ್ಕ್ಯಾನ್ ಮಾಡಿಸ್ತಾರೆ. ನಿಮ್ಮ ವಯಸ್ಸಿನವರಿಗೆ ಒಂದು ಕಿವಿಮಾತು: ಕೂದಲು ಬೆಳೀಲಿ ಅಂತ ಬಯೋಟಿನ್ ಗುಳಿಗೆ, ಗಮ್ಮಿ ತಿಂತಿದ್ರೆ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ, ಡಾಕ್ಟರಿಗೂ ಹೇಳಿ. ಕೆಲವು ಯಂತ್ರಗಳಲ್ಲಿ ಬಯೋಟಿನ್ ಇದ್ರೆ ಟಿಎಸ್‌ಎಚ್ ಸುಳ್ಳು ಲೆಕ್ಕ ತೋರಿಸುತ್ತೆ.

ಸೂಜಿ ಪರೀಕ್ಷೆ ಅಂದಾಗ ಮನೆಯಲ್ಲಿ ನಿಜವಾದ ಗಲಾಟೆ ಶುರುವಾಯ್ತು. ಸೋದರಮಾವ ಒಂದೇ ಮಾತು ಹಿಡಿದ: “ಗಂಟಿಗೆ ಸೂಜಿ ಚುಚ್ಚಿದ್ರ ಅದು ಕೆರಳ್ತೈತಿ. ಸುಮ್ನಿದ್ದದ್ದನ್ನ ಯಾಕ ಎಬ್ಬಸ್ತೀರಿ?” ಈ ಮಾತು ನೀವೂ ಕೇಳಿರ್ತೀರಿ. ಇದಕ್ಕೆ ಬೆಲೆ ಕೊಟ್ಟು ಮೂರು ನಾಲ್ಕು ವರ್ಷ ಕೂತವರೂ ಇದ್ದಾರೆ. ವಾಸ್ತವ ಏನಂದ್ರೆ, ಥೈರಾಯ್ಡ್‌ಗೆ ಹಾಕೋ ಸೂಜಿ ರಕ್ತ ತೆಗೆಯೋ ಸೂಜಿಗಿಂತ ಸಣ್ಣದು, ಅದರಿಂದ ಕ್ಯಾನ್ಸರ್ ಹರಡೋದು ತೀರಾ ತೀರಾ ಅಪರೂಪ. ಒಳ್ಳೆಯ ಗಂಟು ಚುಚ್ಚಿದ ಮಾತ್ರಕ್ಕೆ ಕೆಟ್ಟದ್ದಾಗೋದಿಲ್ಲ. ಚುಚ್ಚಿದ ಮೇಲೆ ಕೆಟ್ಟದ್ದು ಅಂತ ತಿಳಿದ್ರೆ, ಅದು ಮೊದಲೇ ಹಾಗಿತ್ತು.

ಈ ಪರೀಕ್ಷೆಯ ಹೆಸರು ಎಫ್‌ಎನ್‌ಎಸಿ. ಸ್ಕ್ಯಾನಿಂಗ್ ಪರದೆ ನೋಡ್ತಾ ಸೂಜಿ ಹಾಕಿ, ಒಂದಿಷ್ಟು ಜೀವಕೋಶ ಎಳೆದು, ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. ಹತ್ತು ಹದಿನೈದು ನಿಮಿಷದ ಕೆಲಸ. ಇದರ ರಿಪೋರ್ಟ್‌ನಲ್ಲಿ ಮತ್ತೊಂದು ಅಂಕಿ ಬರುತ್ತೆ, ‘ಬೆಥೆಸ್ಡಾ’. ಅಮೆರಿಕದ ಬೆಥೆಸ್ಡಾ ಊರಲ್ಲಿ 2007ರಲ್ಲಿ ನಡೆದ ಸಭೆಯಿಂದ ಬಂದ ಹೆಸರು. ಇಲ್ಲಿ 1 ಅಂದ್ರೆ ಒಳ್ಳೆಯದು ಅಂತಲ್ಲ, “ಮಾಲು ಸಾಲಲಿಲ್ಲ, ಮತ್ತೆ ಮಾಡಿ” ಅಂತ. 2 ಅಂದ್ರೆ ಕ್ಯಾನ್ಸರ್ ಅಲ್ಲದ ಗಂಟು. 3, 4 ನಡುವಿನವು, ಖಚಿತವಾಗಿ ಹೇಳೋಕೆ ಬರದವು. 5 ಬಲವಾದ ಅನುಮಾನ, 6 ಕ್ಯಾನ್ಸರ್. ನೋಡಿ, ಟೈರಾಡ್ಸ್‌ನ 4 ಬೇರೆ, ಬೆಥೆಸ್ಡಾದ 4 ಬೇರೆ, ಕ್ಯಾನ್ಸರ್ ಹಂತದ 4 ಪೂರ್ತಿ ಬೇರೆ. ಅಂಕಿ ಓದೋ ಮೊದಲು ಅದರ ಹಿಂದಿನ ಪದ ಓದಿ.

ಚಿಗವ್ವಂದು ಬೆಥೆಸ್ಡಾ 2 ಬಂತು. ತಮ್ಮ ಮತ್ತೆ ಫೋನ್ ಮಾಡಿ, “ಈಗ ಎರಡನೇ ಸ್ಟೇಜಿಗೆ ಇಳದೈತೇನ ಅಕ್ಕಾ?” ಅಂದ. ನಕ್ಕುಬಿಟ್ಟೆ. ಪಾಪ, ಅವನ ತಪ್ಪಲ್ಲ. ರಿಪೋರ್ಟ್ ಕೈಗೆ ಕೊಟ್ಟವರು ಅರ್ಧ ನಿಮಿಷ ಕೂರಿಸಿ ಹೇಳಿದ್ರೆ ಮುಗೀತಿತ್ತು.

ಕ್ಯಾನ್ಸರ್ ಅಲ್ಲ ಅಂತಾದ ಮೇಲೆ ಏನು ಮಾಡಬೇಕು? ಮೊದಲ ಆಯ್ಕೆ, ಏನೂ ಮಾಡದೇ ಇರೋದು. ಹೌದು, ಇದೂ ಒಂದು ಚಿಕಿತ್ಸೆನೇ. ವರ್ಷ, ಎರಡು ವರ್ಷದ ಒಳಗೆ ಮತ್ತೊಂದು ಸ್ಕ್ಯಾನ್ ಮಾಡಿಸಿ ಅಳತೆ ಹೋಲಿಸಬೇಕು. ಬಹಳಷ್ಟು ಗಂಟುಗಳು ಇಷ್ಟರಲ್ಲೇ ಮುಗೀತವೆ.

ಏನಾದ್ರೂ ಮಾಡಲೇಬೇಕು ಅನ್ನೋ ಆತುರಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತೆ ಅನ್ನೋದಕ್ಕೆ ದಕ್ಷಿಣ ಕೊರಿಯಾದ ಕಥೆ ಕೇಳಿ. 1999ರಲ್ಲಿ ಅಲ್ಲಿನ ಸರ್ಕಾರ ಬೇರೆ ಕೆಲವು ಕ್ಯಾನ್ಸರ್‌ಗಳ ತಪಾಸಣೆ ಶುರು ಮಾಡ್ತು. ಥೈರಾಯ್ಡ್ ಆ ಪಟ್ಟಿಯಲ್ಲಿರಲಿಲ್ಲ. ಆದ್ರೆ ಆಸ್ಪತ್ರೆಗಳು “ಹೇಗೂ ಬಂದಿದ್ದೀರಿ, ಸ್ವಲ್ಪ ದುಡ್ಡಿಗೆ ಕುತ್ತಿಗೆನೂ ಸ್ಕ್ಯಾನ್ ಮಾಡ್ತೀವಿ” ಅಂದವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 1993ಕ್ಕಿಂತ 15 ಪಟ್ಟು ಆಯ್ತು. ಒಂದೇ ವರ್ಷದಲ್ಲಿ 40 ಸಾವಿರಕ್ಕೂ ಹೆಚ್ಚು ಜನ. ಅದರಿಂದ ಸಾಯೋರ ಸಂಖ್ಯೆ ಮಾತ್ರ ಇದ್ದಲ್ಲೇ ಇತ್ತು, ಒಂದಿಷ್ಟೂ ಇಳೀಲಿಲ್ಲ. ಅಂದ್ರೆ ಜೀವಮಾನ ಪೂರ್ತಿ ಸುಮ್ಮನಿರ್ತಿದ್ದ ಚಿಕ್ಕ ಚಿಕ್ಕ ಕ್ಯಾನ್ಸರ್‌ಗಳನ್ನ ಹುಡುಕಿ ಹುಡುಕಿ ಕತ್ತರಿಸಿದ್ರು. ಶಸ್ತ್ರಚಿಕಿತ್ಸೆ ಆದವರಲ್ಲಿ ನೂರಕ್ಕೆ ಸುಮಾರು 11 ಜನರಿಗೆ ಕ್ಯಾಲ್ಸಿಯಂ ಕಾಪಾಡೋ ಪುಟ್ಟ ಗ್ರಂಥಿಗಳು ಕೆಟ್ಟವು, 2 ಜನರಿಗೆ ದನಿಯ ನರಕ್ಕೆ ಪೆಟ್ಟಾಯ್ತು. 2014ರಲ್ಲಿ ಅಲ್ಲಿನ ವೈದ್ಯರೇ ಒಂದು ಗುಂಪಾಗಿ ಸಾಕು ಮಾಡಿ ಅಂದ್ರು. ಮುಂದಿನ ಒಂದು ವರ್ಷದಲ್ಲಿ ಶಸ್ತ್ರಚಿಕಿತ್ಸೆಗಳು ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಇಳಿದವು. ಈಗ ನಮ್ಮ ಊರುಗಳಲ್ಲೂ ‘ಫುಲ್ ಬಾಡಿ ಚೆಕಪ್’ ಆಫರ್‌ಗಳು ಫೋನಿಗೆ ಬರ್ತವೆ. ಗಂಟು ಇಲ್ಲ, ಲಕ್ಷಣ ಇಲ್ಲ, ಮನೆಯಲ್ಲಿ ಯಾರಿಗೂ ಥೈರಾಯ್ಡ್ ಕ್ಯಾನ್ಸರ್ ಆಗಿಲ್ಲ, ಚಿಕ್ಕಂದಿನಲ್ಲಿ ಕುತ್ತಿಗೆಗೆ ವಿಕಿರಣ ತಗೊಂಡಿಲ್ಲ ಅಂದ್ರೆ ಸುಮ್ಮನೆ ಕುತ್ತಿಗೆ ಸ್ಕ್ಯಾನ್ ಮಾಡಿಸೋದು ಬೇಡ. ಇದು ನನ್ನ ಖಡಕ್ ಅಭಿಪ್ರಾಯ, ಕೊರಿಯಾದ ಅನುಭವವೂ ಅದೇ.

ಆದ್ರೆ ಗಂಟು ಕ್ಯಾನ್ಸರ್ ಅಲ್ಲದಿದ್ರೂ ತೊಂದರೆ ಕೊಡಬಹುದು. ರೊಟ್ಟಿ ನುಂಗುವಾಗ ಸಿಕ್ಕಿದಂಗ ಆಗೋದು, ಅಂಗಾತ ಮಲಗಿದ್ರೆ ಒತ್ತಿದಂಗ ಆಗೋದು, ಇಲ್ಲಾ ಕನ್ನಡಿಯಲ್ಲಿ ದಿನಾ ಕಂಡು ಮನಸ್ಸು ಕೆಡೋದು. ಇಂಥವರಿಗೆ ಹಿಂದೆ ಇದ್ದದ್ದು ಕತ್ತಿ ಒಂದೇ. ಈಗ ಸೂಜಿಯಿಂದಲೇ ಚಿಕಿತ್ಸೆ ಇದೆ. ಸ್ವಾರಸ್ಯ ನೋಡಿ, ಇದನ್ನ ಬೆಳೆಸಿದವರಲ್ಲೂ ಮುಂದೆ ನಿಲ್ಲೋರು ಕೊರಿಯಾದ ರೇಡಿಯಾಲಜಿ ವೈದ್ಯರೇ. ಹೆಸರು ರೇಡಿಯೋಫ್ರೀಕ್ವೆನ್ಸಿ ಅಬ್ಲೇಷನ್, ಚಿಕ್ಕದಾಗಿ ಆರ್‌ಎಫ್‌ಎ.

ನಡೆಯೋದು ಹೀಗೆ. ಮಲಗಿಸಿ ಕುತ್ತಿಗೆ ಸ್ವಲ್ಪ ಹಿಂದಕ್ಕೆ ಬಾಗಿಸ್ತಾರೆ. ಪೂರ್ತಿ ಮಂಪರು ಬೇಡ, ಹಲ್ಲು ಕೀಳುವಾಗ ಕೊಡೋ ಹಾಗೆ ಜಾಗಕ್ಕೆ ಮಾತ್ರ ಮರಗಟ್ಟೋ ಇಂಜೆಕ್ಷನ್. ಕುತ್ತಿಗೆಯ ನಟ್ಟನಡುವಿನಿಂದ ಒಂದು ತೆಳು ಕಡ್ಡಿಯಂಥ ಸೂಜಿಯನ್ನ ಪಕ್ಕದ ಗಂಟಿನೊಳಗೆ ತೂರಿಸ್ತಾರೆ. ಸೂಜಿಯ ತುದಿ ಮಾತ್ರ, ಅರ್ಧದಿಂದ ಒಂದು ಸೆಂಟಿಮೀಟರ್, ಕಾಯುತ್ತೆ. ತುದಿಗೆ ತಾಗಿದ ಮಾಂಸ ಕರಕಲಾಗದಂತೆ ಒಳಗೆ ತಣ್ಣೀರು ಹರೀತಾ ಇರುತ್ತೆ. ವಿದ್ಯುತ್ತಿನ ಅಲೆಯಿಂದ ತುದಿಯ ಸುತ್ತಲ ಮಾಂಸ ಬೇಯುತ್ತೆ, ಪರದೆ ಮೇಲೆ ಬಿಳಿ ಗುಳ್ಳೆ ಎದ್ದು ಕಾಣುತ್ತೆ. ಒಂದು ಕಡೆ ಬೆಂದ ಕೂಡಲೇ ಸೂಜಿ ಸ್ವಲ್ಪ ಸರಿಸ್ತಾರೆ. ಆಳದಿಂದ ಮೇಲಕ್ಕೆ, ತುಣುಕು ತುಣುಕಾಗಿ. ಗಂಟಿನ ಹಿಂದೆ, ಶ್ವಾಸನಾಳದ ಪಕ್ಕ ದನಿಯ ನರ ಹಾದುಹೋಗುತ್ತೆ, ಆ ಮೂಲೆಯನ್ನ ಮುಟ್ಟದೇ ಬಿಡ್ತಾರೆ. ನಡುನಡುವೆ ವೈದ್ಯರು ಮಾತಾಡಿಸ್ತಾರೆ. ಅದು ಬರೀ ಧೈರ್ಯ ಹೇಳೋಕಲ್ಲ, ದನಿ ಸರಿ ಇದೆಯಾ ಅಂತ ಕೇಳಿಸಿಕೊಳ್ಳೋಕೆ. ಸಾಮಾನ್ಯವಾಗಿ ಅವತ್ತೇ ಮನೆಗೆ ಹೋಗಬಹುದು, ಹೊಲಿಗೆ ಇಲ್ಲ.

ಗಂಟು ಅವತ್ತೇ ಮಾಯ ಆಗೋದಿಲ್ಲ. ಬೆಂದ ಮಾಂಸವನ್ನ ದೇಹ ತಾನೇ ನಿಧಾನ ಕರಗಿಸುತ್ತೆ. ಕೆಲವೇ ತಿಂಗಳಲ್ಲಿ ಅರ್ಧದಷ್ಟು ಕುಗ್ಗುತ್ತೆ, ವರ್ಷದ ಹೊತ್ತಿಗೆ ಚೆನ್ನಾಗಿ ಮಾಡಿದ ಕಡೆ ಗಾತ್ರ ನೂರಕ್ಕೆ 80ರ ಆಸುಪಾಸು ಇಳಿದದ್ದು ದಾಖಲಾಗಿದೆ. ಉಳಿದ ಗ್ರಂಥಿ ಕೆಲಸ ಮಾಡ್ತಾನೇ ಇರುತ್ತೆ, ಆದ್ದರಿಂದ ಬಹುತೇಕರಿಗೆ ದಿನಾ ಗುಳಿಗೆ ಬೇಕಾಗೋದಿಲ್ಲ.

ಇಷ್ಟು ಕೇಳಿದ ಮೇಲೆ “ಎಲ್ಲರಿಗೂ ಇದೇ ಮಾಡಿಸಿಬಿಡೋಣ” ಅನ್ನಿಸುತ್ತೆ. ತಾಳಿ. ನೂರರಲ್ಲಿ ಒಬ್ಬರಿಗೆ ದನಿ ಬದಲಾಗಬಹುದು, ಹೆಚ್ಚಿನವರಿಗೆ ಮತ್ತೆ ಸರಿಹೋಗುತ್ತೆ. ದೊಡ್ಡ ಗಂಟಿಗೆ ಎರಡನೇ ಸಲ ಮಾಡಬೇಕಾಗಬಹುದು, ಅಂಚಿನಲ್ಲಿ ಉಳಿದದ್ದು ಮತ್ತೆ ಬೆಳೆಯಬಹುದು. ಎಲ್ಲಕ್ಕಿಂತ ದೊಡ್ಡ ಮಾತು: ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂಟು ಲ್ಯಾಬ್‌ಗೆ ಹೋಗುತ್ತೆ, ಒಳಗೇನಿತ್ತು ಅಂತ ಪಕ್ಕಾ ತಿಳಿಯುತ್ತೆ. ಸುಟ್ಟ ಗಂಟಿನಲ್ಲಿ ನೋಡೋಕೆ ಏನೂ ಉಳಿಯೋದಿಲ್ಲ. ಅದಕ್ಕೇ ಆರ್‌ಎಫ್‌ಎ ಮಾಡೋ ಮೊದಲು ಸಾಮಾನ್ಯವಾಗಿ ಎರಡು ಬೇರೆ ಬೇರೆ ಸಲ ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಅಲ್ಲ ಅಂತ ಬಂದಿರಬೇಕು. ಒಂದೇ ರಿಪೋರ್ಟ್ ನೋಡಿ “ನಾಳೆ ಬನ್ನಿ, ಸುಟ್ಟುಬಿಡೋಣ” ಅನ್ನೋರ ಹತ್ತಿರ ಎರಡು ಪ್ರಶ್ನೆ ಕೇಳಿ: ಎರಡನೇ ಸೂಜಿ ಯಾವಾಗ? ನೀವು ಈವರೆಗೆ ಎಷ್ಟು ಮಂದಿಗೆ ಮಾಡಿದ್ದೀರಿ? ಕೇಳೋಕೆ ಸಂಕೋಚ ಬೇಡ.

ಗಂಟಿನೊಳಗೆ ಬರೀ ನೀರಿದ್ರೆ ಇದಕ್ಕಿಂತ ಅಗ್ಗದ ದಾರಿ ಇದೆ. ನೀರು ಎಳೆದು, ಶುದ್ಧ ಆಲ್ಕೋಹಾಲ್ ಒಳಗೆ ಬಿಟ್ಟರೆ ಚೀಲದ ಗೋಡೆ ಒಣಗಿ ಕುಗ್ಗುತ್ತೆ.

ಇನ್ನು ಶಸ್ತ್ರಚಿಕಿತ್ಸೆ. ಬೆಥೆಸ್ಡಾ 5, 6 ಬಂದವರಿಗೆ, ತೀರಾ ದೊಡ್ಡ ಗಂಟಿಗೆ, ಎದೆಗೂಡಿನೊಳಗೆ ಇಳಿದದ್ದಕ್ಕೆ ಇವತ್ತಿಗೂ ಮುಖ್ಯ ದಾರಿ ಇದೇ. ಥೈರಾಯ್ಡ್ ಶಸ್ತ್ರಚಿಕಿತ್ಸೆಯನ್ನ ಸುರಕ್ಷಿತ ಮಾಡಿದವರು ಸ್ವಿಟ್ಜರ್ಲೆಂಡಿನ ಥಿಯೋಡರ್ ಕೋಚರ್, ಅವರಿಗೆ 1909ರಲ್ಲಿ ನೊಬೆಲ್ ಬಂತು. ಅವರ ದೊಡ್ಡತನ ನನಗೆ ಕಂಡದ್ದು ಬೇರೆ ಕಡೆ. ಪೂರ್ತಿ ಗ್ರಂಥಿ ತೆಗೆದ ತಮ್ಮದೇ ರೋಗಿಗಳು ದಿನ ಕಳೆದಂತೆ ಮಂಕಾಗಿ, ಊದಿಕೊಂಡು, ನಿಧಾನವಾಗಿ ಹೋದದ್ದನ್ನ 1883ರಲ್ಲಿ ಅವರೇ ಬಯಲು ಮಾಡಿದ್ರು. ಈಗ ಹಾರ್ಮೋನು ಗುಳಿಗೆ ಇದೆ. ಪೂರ್ತಿ ತೆಗೆದ್ರೆ ಜೀವನ ಪೂರ್ತಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಗುಳಿಗೆ. ಅರ್ಧ ತೆಗೆದ್ರೂ ಐವರಲ್ಲಿ ಒಬ್ಬರಿಗೆ ಅದು ಬೇಕಾಗುತ್ತೆ.

ಮದುವೆ ವಯಸ್ಸಿನ ಹೆಣ್ಣುಮಕ್ಕಳು ಕೇಳೋ ಮೊದಲ ಪ್ರಶ್ನೆ ಗುಳಿಗೆಯದ್ದಲ್ಲ, ಕಲೆಯದ್ದು. ಕೆಳತುಟಿಯ ಒಳಗೆ ಮೂರು ರಂಧ್ರ ಮಾಡಿ, ಕ್ಯಾಮೆರಾ ತೂರಿಸಿ, ಗದ್ದದ ಕೆಳಗಿಂದ ಇಳಿದು ಗ್ರಂಥಿ ತೆಗೆಯೋ ಪದ್ಧತಿ ಇದೆ. ಬ್ಯಾಂಕಾಕ್‌ನ ಸರ್ಜನ್ ಅಂಗ್‌ಕೂನ್ ಅನುವೊಂಗ್ 2016ರಲ್ಲಿ 60 ರೋಗಿಗಳ ಅನುಭವ ಪ್ರಕಟಿಸಿದ ಮೇಲೆ ಭಾರತದಲ್ಲೂ ಹಬ್ಬಿತು. ಹೊರಗೆ ಒಂದು ಗೆರೆಯೂ ಕಾಣೋದಿಲ್ಲ. ಆದ್ರೆ ಪೂರ್ತಿ ಮಂಪರು ಬೇಕು, ಒಳಗೆ ಸಾಗೋ ದಾರಿ ಕುತ್ತಿಗೆ ಮೇಲಿನ ಗಾಯಕ್ಕಿಂತ ಉದ್ದ. ‘ಕಲೆ ಇಲ್ಲ’ ಅನ್ನೋದನ್ನ ‘ಸಣ್ಣ ಆಪರೇಷನ್’ ಅಂತ ತಿಳ್ಕೊಂಡು ಒಪ್ಪಬೇಡಿ. ಕಲೆಯ ಚಿಂತೆ ಸಣ್ಣದು ಅಂತ ನಾನು ಹೇಳ್ತಿಲ್ಲ, ಆ ಹುಡುಗಿ ದಿನಾ ನೋಡೋ ಮುಖ ಅದು.

ಕ್ಯಾನ್ಸರ್ ಅಂತ ಖಚಿತವಾದ್ರೂ ಎಲ್ಲವಕ್ಕೂ ಕತ್ತಿ ಬೇಕಿಲ್ಲ. ಜಪಾನಿನ ಕೋಬೆ ನಗರದ ಕುಮಾ ಆಸ್ಪತ್ರೆಯವರು 1993ರಿಂದ ಒಂದು ಸೆಂಟಿಮೀಟರ್ ಒಳಗಿನ, ಅಪಾಯದ ಜಾಗದಲ್ಲಿಲ್ಲದ ಪ್ಯಾಪಿಲರಿ ಕ್ಯಾನ್ಸರ್‌ಗಳನ್ನ ಸ್ಕ್ಯಾನ್ ಮಾಡ್ತಾ ಕಾದು ನೋಡಿದ್ದಾರೆ. ಹೆಚ್ಚಿನವು ಬೆಳೆಯಲೇ ಇಲ್ಲ.

ಇಷ್ಟೂ ಮಾತು ಕುತ್ತಿಗೆಯ ಮುಂಭಾಗದ, ಎಂಜಲು ನುಂಗಿದಾಗ ಮೇಲೆ ಕೆಳಗೆ ಆಡೋ ಗಂಟಿನದ್ದು. ಪಕ್ಕದಲ್ಲಿ ಬಂದ ಗಂಟಿನ ಕಥೆ ಬೇರೆ. ಕನ್ನಡದಲ್ಲಿ ಹಳಬರು ಈ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟಿದ್ದಾರೆ: ಮುಂದಿನದು ಗಳಗಂಡ, ಪಕ್ಕದಲ್ಲಿ ಮಾಲೆಯಂತೆ ಸಾಲಾಗಿ ಬರೋದು ಗಂಡಮಾಲೆ. ಗಂಡಮಾಲೆ ಅಂತ ಕರೆದದ್ದರಲ್ಲಿ ಬಹಳಷ್ಟು ಕ್ಷಯದ ಗಂಟುಗಳು. ಯುವಕರಲ್ಲಿ ಇದು ಇವತ್ತಿಗೂ ಸಾಮಾನ್ಯ, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ಪೂರ್ತಿ ಕೋರ್ಸ್ ತಗೊಂಡ್ರೆ ಗುಣ ಆಗುತ್ತೆ. ಆದ್ರೆ ಗುಟ್ಕಾ, ತಂಬಾಕು ಹಾಕೋರ ಕುತ್ತಿಗೆ ಪಕ್ಕ ಗಟ್ಟಿ ಗಂಟು ಬಂದು ಎರಡು ಮೂರು ವಾರ ಆದ್ರೂ ಇಳೀದಿದ್ರೆ ಬಾಯಿ, ಗಂಟಲು ಪೂರ್ತಿ ನೋಡಿಸಬೇಕು. ಬಾಯಿ ಕ್ಯಾನ್ಸರ್ ಮೊದಲು ಅಲ್ಲಿ ತಲೆ ಎತ್ತಬಹುದು. ಇಂಥ ಗಂಟನ್ನ ಎಲ್ಲೋ ಒಂದು ಕಡೆ ಕೊಯ್ಸಿ ತೆಗೆಸಿಬಿಡೋ ಅವಸರ ಬೇಡ. ಮೊದಲು ಬಾಯಿ, ಗಂಟಲಿನ ತಪಾಸಣೆ ಮತ್ತು ಸೂಜಿ ಪರೀಕ್ಷೆ. ದನಿ ಒಡೆದು ಹಾಗೇ ಉಳಿದ್ರೆ, ಗಂಟು ದಿಢೀರ್ ಬೆಳೆದ್ರೆ, ಉಸಿರಿಗೆ ತೊಡಕಾದ್ರೆ ಆ ವಾರವೇ ಹೋಗಿ.

“ಸಜ್ಜಿ ರೊಟ್ಟಿ, ಕೋಸು ಬಿಡ್ಬೇಕೇನು?” ಅಂತ ಚಿಗವ್ವ ಕೇಳಿದ್ಲು. ಈ ಮಾತು ಗಾಳಿಯಲ್ಲಿ ಬಂದದ್ದಲ್ಲ. ಸುಡಾನಿನಲ್ಲಿ ಸಜ್ಜೆಯನ್ನೇ ಮುಖ್ಯ ಆಹಾರ ಮಾಡ್ಕೊಂಡ, ಅಯೋಡಿನ್ ಕೊರತೆಯೂ ಇದ್ದ ಊರುಗಳಲ್ಲಿ ಗಳಗಂಡ ಹೆಚ್ಚಿದ್ದನ್ನ ಸಂಶೋಧಕರು ಕಂಡಿದ್ದಾರೆ. ಅಯೋಡಿನ್ ಉಪ್ಪು ತಿನ್ನೋ ನಮ್ಮ ಮನೆಗಳಲ್ಲಿ ಸಂಕ್ರಾಂತಿಯ ಸಜ್ಜಿ ರೊಟ್ಟಿಗೆ ಹೆದರಬೇಕಿಲ್ಲ. ಉಪ್ಪಿನ ಪ್ಯಾಕೆಟ್ ಮೇಲೆ ಅಯೋಡಿನ್ ಇದೆಯಾ ಅಂತ ನೋಡಿ, ಸಾಕು.

ಎಲ್ಲಿ ಹೋಗೋದು? ಟಿಕೋಟಾ, ಬಬಲೇಶ್ವರದವರಿಗೆ ಟಿಎಸ್‌ಎಚ್, ಸ್ಕ್ಯಾನ್, ಸೂಜಿ ಪರೀಕ್ಷೆಗೆ ವಿಜಯಪುರ ದಾಟಬೇಕಿಲ್ಲ. ಜಿಲ್ಲಾ ಆಸ್ಪತ್ರೆ ಇದೆ, 1986ರಲ್ಲಿ ಶುರುವಾದ ಬಿಎಲ್‌ಡಿಇಯ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಕ್ಯಾನ್ಸರ್ ಅಂತಾದ್ರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ, ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದ್ರೆ ಆಯ್ತು. ಆರ್‌ಎಫ್‌ಎ ಸದ್ಯಕ್ಕೆ ಹೆಚ್ಚಾಗಿ ದೊಡ್ಡ ನಗರಗಳ ಕೆಲಸ, ಖರ್ಚೂ ಇದೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಯಾವ ಚಿಕಿತ್ಸೆ ಅದರಲ್ಲಿ ಬರುತ್ತೆ ಅಂತ ದಾಖಲಾಗೋ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನ ಕೇಳಿ.

ಚಿಗವ್ವನಿಗೆ ಈ ಎಲ್ಲಾ ದಾರಿ ಒಂದೊಂದಾಗಿ ಹೇಳಿದೆ. ಸುಡೋದು, ಕೊಯ್ಯೋದು, ಕಾಯೋದು. ಪೂರ್ತಿ ಕೇಳಿ, “ನುಂಗಾಕ ತ್ರಾಸಿಲ್ಲ, ಉಸಿರಿಗೆ ತ್ರಾಸಿಲ್ಲ. ಕ್ಯಾನ್ಸರ್ ಅಲ್ಲ ಅಂತಂದ್ರಲ್ಲ? ಮತ್ತ ಅದರ ಪಾಡಿಗೆ ಅದು ಇರ್ಲಿ” ಅಂದ್ಲು. ಎರಡು ತಿಂಗಳ ಹಿಂದೆಯೂ ಅವಳು ಹೇಳಿದ್ದು ಇದನ್ನೇ. ಆಗ ಅದು ಗೊತ್ತಿಲ್ಲದೆ ಹೇಳಿದ ಮಾತು. ಬರೋ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ವಿಜಯಪುರಕ್ಕೆ ಬರ್ತಾಳೆ, ಆಗ ಮತ್ತೊಂದು ಸ್ಕ್ಯಾನ್. ಹಳೇ ರಿಪೋರ್ಟ್ ತಮ್ಮನ ಫೋನಲ್ಲಿದೆ, 3.2 ಅನ್ನೋದಕ್ಕೆ ಅವನು ಕೆಂಪು ಗೆರೆ ಹಾಕಿಟ್ಟಿದ್ದಾನೆ.